ಬೈಬಲಿನ ಅರಸರ ಸಂಪತ್ತು: ಒಬ್ಬ ಶ್ರಾವಕನ ಓದು

ನಮ್ಮ ಭಾಗದ ಒಂದು ಬಸದಿಯ ವಾರ್ಷಿಕ ಸಭೆಯಲ್ಲಿ ನಡೆದ ಚರ್ಚೆಯೇ ಈ ಲೇಖನಕ್ಕೆ ನಿಮಿತ್ತ. ಗರ್ಭಗೃಹದ ಹಿಂಬದಿಯ ಮಾಳಿಗೆ ಎರಡು ಮಳೆಗಾಲಗಳಿಂದ ಸೋರುತ್ತಿದೆ. ಅದೇ ಹೊತ್ತಿಗೆ ಮೂಲನಾಯಕ ಸ್ವಾಮಿಗೆ ಬೆಳ್ಳಿಯ ಪ್ರಭಾವಳಿ ಮಾಡಿಸಬೇಕೆಂಬ ಸಂಕಲ್ಪವೊಂದು ಮುಂದೆ ಬಂದು, ಅದಕ್ಕೆ ಭಂಡಾರದಿಂದಲೂ ಹಣ ಕೂಡಿಸಬೇಕೆಂಬ ಸೂಚನೆಯಾಯಿತು. ಮೊದಲು ಮಾಳಿಗೆ, ಆಮೇಲೆ ಬೆಳ್ಳಿ ಎಂದು ಕೆಲವರು ವಿನಯದಿಂದಲೇ ಹೇಳಿದರು. ಆಗ ಹಿರಿಯರೊಬ್ಬರು ಎದ್ದು ಭರತ ಚಕ್ರವರ್ತಿಯ ನವನಿಧಿಗಳನ್ನೂ ಚತುರ್ದಶ ರತ್ನಗಳನ್ನೂ ನೆನಪಿಸಿ, ವೈಭವವೆಂಬುದು ಪುಣ್ಯದ ಫಲವಾದುದರಿಂದ ಅದನ್ನು ಕಂಡು ಅಂಜಬೇಕಾದ ಕಾರಣವಿಲ್ಲವೆಂದರು. ಮಿಶನ್ ಶಾಲೆಯಲ್ಲಿ ಓದಿದ ಮತ್ತೊಬ್ಬರು ಒಂದು ಹೆಜ್ಜೆ ಮುಂದೆ ಹೋಗಿ ಕ್ರೈಸ್ತರ ಗ್ರಂಥದ ಸೊಲೊಮೋನನನ್ನು ಸಾಕ್ಷಿಗೆ ಕರೆದರು. ಅವನಿಗೆ ದೇವರೇ ಐಶ್ವರ್ಯ ಕೊಟ್ಟನು, ಅವನು ದೇವಾಲಯಕ್ಕೆ ಚಿನ್ನ ಹೊದಿಸಿದನು, ಲೋಕ ಇಂದಿಗೂ ಅವನನ್ನು ಕೊಂಡಾಡುತ್ತದೆ ಎಂಬುದು ಅವರ ವಾದದ ಸಾರ.

ಸಾಕ್ಷಿಯನ್ನು ಕರೆದ ಮೇಲೆ ಅವನ ಹೇಳಿಕೆಯನ್ನು ಪೂರ್ಣವಾಗಿ ಕೇಳುವುದು ನ್ಯಾಯ. ಅನ್ಯಮತದ ಗ್ರಂಥವನ್ನು ನಾವು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಓದುತ್ತೇವೆ: ಖಂಡಿಸಲೆಂದು, ಇಲ್ಲವೇ ಎಲ್ಲ ಧರ್ಮಗಳ ಸಾರ ಒಂದೇ ಎಂದು ಹೇಳಿ ಮುಚ್ಚಿಡಲೆಂದು. ಎರಡರಲ್ಲಿಯೂ ಓದುವ ಕೆಲಸ ಉಳಿದುಹೋಗುತ್ತದೆ. 1831ರಲ್ಲಿ ಬಳ್ಳಾರಿಯಿಂದ ಪೂರ್ಣ ಬೈಬಲು ಕನ್ನಡದಲ್ಲಿ ಹೊರಬಂದಂದಿನಿಂದ ಈ ಕಥೆಗಳು ನಮ್ಮ ನುಡಿಯಲ್ಲಿಯೇ ಇವೆ. ಬೆಳಗಾವಿ, ಖಾನಾಪುರಗಳಲ್ಲಿ ನೆರೆಹೊರೆಯ ಕ್ರೈಸ್ತ ಕುಟುಂಬಗಳ ಮನೆಯಲ್ಲಿ ಇರುವ ಗ್ರಂಥವಿದು. ಅದರ ಅರಸರ ವೃತ್ತಾಂತವನ್ನು, ಅದರಲ್ಲಿಯೂ ಅವರ ಭಂಡಾರದ ವೃತ್ತಾಂತವನ್ನು, ನಾನು ಒಬ್ಬ ಶ್ರಾವಕನಾಗಿ ಇತ್ತೀಚೆಗೆ ಮತ್ತೊಮ್ಮೆ ಓದಿದೆನು.

ಮೊದಲು ಗಮನ ಸೆಳೆಯುವುದು ಬರವಣಿಗೆಯ ರೀತಿ. ನಮ್ಮ ಪೂರ್ವಕವಿಗಳು ಚಕ್ರವರ್ತಿಯ ಸಂಪತ್ತನ್ನು ವರ್ಣಿಸುವಾಗ ಉಪಮೆ, ರೂಪಕಗಳ ಮಳೆಗರೆಯುತ್ತಾರೆ. 941ರಲ್ಲಿ ಪಂಪನು ರಚಿಸಿದ ಆದಿಪುರಾಣದಲ್ಲಿ ಭರತನ ದಿಗ್ವಿಜಯ ಕಣ್ಣಿಗೂ ಕಿವಿಗೂ ಹಬ್ಬ. ಬೈಬಲಿನ 'ಅರಸುಗಳು' ಎಂಬ ಭಾಗದ ಬರಹಗಾರನಲ್ಲಾದರೋ ಅಲಂಕಾರವೇ ಇಲ್ಲವೆನ್ನಬಹುದು. ಅವನು ಶಾನುಭೋಗನಂತೆ ಬರೆಯುತ್ತಾನೆ. ಸೊಲೊಮೋನನಿಗೆ ವರ್ಷಕ್ಕೆ ಬರುತ್ತಿದ್ದ ಚಿನ್ನ 666 ತಲಾಂತು. ಒಂದು ತಲಾಂತೆಂದರೆ ಸುಮಾರು 34 ಕಿಲೋಗ್ರಾಂ ಎಂದು ಹಿಡಿದರೆ ಇದು 22 ಟನ್ನನ್ನು ಮೀರುತ್ತದೆ. ಅವನು ಹೊಡೆಯಿಸಿದ ಚಿನ್ನದ ಗುರಾಣಿಗಳಲ್ಲಿ ದೊಡ್ಡವು 200, ಚಿಕ್ಕವು 300. ಅರಮನೆಯ ಒಂದು ದಿನದ ಅಡುಗೆಗೆ ಕೊಬ್ಬಿದ ಎತ್ತು 10, ಹುಲ್ಲುಗಾವಲಿನ ಎತ್ತು 20, ಕುರಿ 100, ಅದಲ್ಲದೆ ಜಿಂಕೆ, ಕೋಳಿಗಳು. ಲೆಬನೋನಿಗೆ ಮರ ಕಡಿಯಲು ಬಿಟ್ಟಿಗೆ ಹಿಡಿದ ಜನ 30,000; ತಿಂಗಳಿಗೆ 10,000ದಂತೆ ಸರದಿಯಲ್ಲಿ ಹೋಗಬೇಕು. ಹೊರೆ ಹೊರುವವರು 70,000, ಕಲ್ಲು ಕಡಿಯುವವರು 80,000. ಈ ಅಂಕೆಗಳನ್ನು ಅಕ್ಷರಶಃ ನಂಬಬೇಕೆ ಎಂಬುದು ಬೇರೆ ಪ್ರಶ್ನೆ. ಬರೆದವನು ಅವನ್ನು ಹೊಗಳಿಕೆಗೆ ಬರೆದನೆ, ಲೆಕ್ಕಕ್ಕೆ ಬರೆದನೆ ಎಂಬುದೇ ಇಲ್ಲಿ ವಿಮರ್ಶೆಯ ಪ್ರಶ್ನೆ.

ಲೆಕ್ಕಕ್ಕೇ ಬರೆದನೆಂದು ನನ್ನ ಅಭಿಪ್ರಾಯ. ಅದಕ್ಕೆ ಆಧಾರ ಅದೇ ಗ್ರಂಥದ ಮುಂಚಿನ ಭಾಗದಲ್ಲಿದೆ. 'ಧರ್ಮೋಪದೇಶಕಾಂಡ'ದ 17ನೆಯ ಅಧ್ಯಾಯದಲ್ಲಿ, ಇನ್ನೂ ಅರಸನೇ ಇಲ್ಲದ ಜನಾಂಗಕ್ಕೆ ಮುಂದೆ ಬರಬಹುದಾದ ಅರಸನಿಗಾಗಿ ಒಂದು ಕಟ್ಟಳೆಯನ್ನು ವಿಧಿಸಲಾಗಿದೆ. ಅವನು ಕುದುರೆಗಳನ್ನು ಹೆಚ್ಚಿಸಿಕೊಳ್ಳಬಾರದು, ಅವುಗಳಿಗಾಗಿ ಜನರನ್ನು ಐಗುಪ್ತಕ್ಕೆ ಕಳಿಸಬಾರದು, ಹೆಂಡಂದಿರನ್ನು ಹೆಚ್ಚಿಸಿಕೊಳ್ಳಬಾರದು, ಬೆಳ್ಳಿಬಂಗಾರವನ್ನು ಮಿತಿಮೀರಿ ಕೂಡಿಸಬಾರದು, ಧರ್ಮಶಾಸ್ತ್ರದ ಪ್ರತಿಯೊಂದನ್ನು ಬರೆಯಿಸಿಕೊಂಡು ಜೀವಮಾನವೆಲ್ಲ ಓದುತ್ತ, ತನ್ನ ಸಹೋದರರಿಗಿಂತ ತಾನು ಮೇಲೆಂದು ಹೃದಯದಲ್ಲಿ ಹೆಚ್ಚಳಪಡದೆ ಇರಬೇಕು. ಇದನ್ನೋದಿದ ಯಾವ ಶ್ರಾವಕನಿಗೂ ನಮ್ಮ ಐದನೆಯ ಅಣುವ್ರತ ನೆನಪಾಗದೆ ಇರದು. ಪರಿಗ್ರಹಪರಿಮಾಣಕ್ಕೆ ಅತಿಚಾರಗಳನ್ನು ಹೇಳುವಾಗ ತತ್ತ್ವಾರ್ಥಸೂತ್ರವು ಹೊಲಮನೆ, ಬೆಳ್ಳಿಬಂಗಾರ, ಪಶುಧಾನ್ಯ, ದಾಸೀದಾಸರು, ಬಟ್ಟೆಪಾತ್ರೆ ಮುಂತಾದವುಗಳ ಮಿತಿಯನ್ನು ದಾಟುವುದನ್ನು ಎಣಿಸುತ್ತದೆ. ನಮ್ಮಲ್ಲಿ ಅದು ಪ್ರತಿಯೊಬ್ಬ ಗೃಹಸ್ಥನು ತಾನಾಗಿ ತೊಡುವ ವ್ರತ. ಅಲ್ಲಿ ಅದು ಸಿಂಹಾಸನಕ್ಕೆ ಹೊರಗಿನಿಂದ ವಿಧಿಸಿದ ಕಟ್ಟು. ಭೇದ ಸಣ್ಣದಲ್ಲ. ಆದರೂ ಮಿತಿಯನ್ನು ಪದಾರ್ಥಗಳ ಹೆಸರು ಹಿಡಿದು ಹೇಳಬೇಕು, ಸುಮ್ಮನೆ ಲೋಭ ಬಿಡು ಎಂದರೆ ಸಾಲದು ಎಂಬ ವಿವೇಕ ಎರಡೂ ಕಡೆಗೆ ಒಂದೇ.

ಈಗ ಸೊಲೊಮೋನನ ವೃತ್ತಾಂತವನ್ನು ಈ ಕಟ್ಟಳೆಯ ಪಕ್ಕದಲ್ಲಿಟ್ಟು ನೋಡಬೇಕು. ಮೊದಲನೆಯ ಅರಸುಗಳ 10ನೆಯ ಅಧ್ಯಾಯದಲ್ಲಿ ಶೆಬದ ರಾಣಿ ಬಂದು ಬೆರಗಾಗಿ ಹೋಗುತ್ತಾಳೆ. ಕೂಡಲೇ ಬರುವುದು ಬಂಗಾರದ ಲೆಕ್ಕ. ಯೆರೂಸಲೇಮಿನಲ್ಲಿ ಬೆಳ್ಳಿ ಕಲ್ಲಿನಷ್ಟು ಅಗ್ಗವಾಯಿತೆಂಬ ಮಾತು. ಅದರ ಹಿಂದೆಯೇ ಕುದುರೆಗಳ ಲೆಕ್ಕ. ಅವು ಐಗುಪ್ತದಿಂದ ಬಂದವೆಂಬುದನ್ನು ಬರೆದವನು ಮರೆಯದೆ ಹೇಳುತ್ತಾನೆ. 11ನೆಯ ಅಧ್ಯಾಯ ತೆರೆಯುತ್ತಲೇ ಹೆಂಡಂದಿರ ಲೆಕ್ಕ: ರಾಣಿಯರು 700, ಉಪಪತ್ನಿಯರು 300. ನಿಷೇಧಿಸಿದ ಮೂರು ವಸ್ತುಗಳು ಒಂದಾದ ಮೇಲೊಂದರಂತೆ ಸಾಲುಗಟ್ಟಿ ಬಂದಿವೆ. ಕಟ್ಟಳೆಯನ್ನು ಮುರಿದನೆಂಬ ಮಾತನ್ನು ಚಿನ್ನದ ವಿಷಯದಲ್ಲಾಗಲಿ ಕುದುರೆಯ ವಿಷಯದಲ್ಲಾಗಲಿ ಬರಹಗಾರನು ಆಡುವುದಿಲ್ಲ. ಪಟ್ಟಿಯನ್ನು ಓದುಗರ ಮುಂದೆ ಇಟ್ಟು ಕೈಕಟ್ಟಿ ನಿಲ್ಲುತ್ತಾನೆ. ಇಂಥ ಇನ್ನೊಂದು ಜಾಣ್ಮೆ ಅದಕ್ಕೂ ಮುಂಚೆಯೇ ಇದೆ. ದೇವಾಲಯ ಕಟ್ಟಲು 7 ವರ್ಷ ಹಿಡಿಯಿತೆಂದು ಒಂದು ಅಧ್ಯಾಯ ಮುಗಿಯುತ್ತದೆ. ಅರಸನು ತನ್ನ ಮನೆ ಕಟ್ಟಿಸಲು 13 ವರ್ಷ ಹಿಡಿಯಿತೆಂದು ಮುಂದಿನ ಅಧ್ಯಾಯ ಮೊದಲಾಗುತ್ತದೆ. ನಡುವೆ ಒಂದು ಪದವೂ ಇಲ್ಲ.

ಆ ದೇವಾಲಯದ ಪ್ರತಿಷ್ಠೆಗೆ 22,000 ಎತ್ತುಗಳನ್ನೂ 1,20,000 ಕುರಿಗಳನ್ನೂ ಬಲಿಕೊಟ್ಟರೆಂದು ಬರೆದಿದೆ. ಇದನ್ನು ಓದಿ ನಾನು ಪುಸ್ತಕವನ್ನು ಕೆಳಗಿಟ್ಟೆನು. ಎರಡು ದಿನ ಮುಂದೆ ಓದಲಾಗಲಿಲ್ಲ. ಇದನ್ನು ಇಲ್ಲಿ ಮರೆಮಾಚಿದರೆ ಓದಿದ್ದು ಸುಳ್ಳಾಗುತ್ತದೆ. ಅಹಿಂಸೆಯ ದೃಷ್ಟಿಯಿಂದ ಈ ವೈಭವಕ್ಕೆ ನಮ್ಮಲ್ಲಿ ಸಮರ್ಥನೆ ಇಲ್ಲ. ಅದೇ ಗ್ರಂಥದಲ್ಲಿ ಮುಂದೆ ಬರುವ ಪ್ರವಾದಿಗಳಲ್ಲಿ ಕೆಲವರು ನ್ಯಾಯವಿಲ್ಲದ ಬಲಿಯನ್ನು ದೇವರು ಒಲ್ಲನೆಂದು ಸಾರಿರುವುದನ್ನೂ ಹೇಳುವುದು ನ್ಯಾಯವೇ.

ಫಲವೇನಾಯಿತು? ಸೊಲೊಮೋನನು ತೀರಿಕೊಂಡ ಕೂಡಲೇ ಜನರು ಅವನ ಮಗ ರೆಹಬ್ಬಾಮನ ಬಳಿಗೆ ಬಂದು, ತಂದೆ ಹೊರಿಸಿದ ನೊಗವನ್ನು ಹಗುರಮಾಡೆಂದು ಬೇಡಿದರು. ಮುದುಕರು ಒಪ್ಪಿಕೋ ಎಂದರು. ಜೊತೆಗೆ ಬೆಳೆದ ಹುಡುಗರು ಇನ್ನೂ ಬಿಗಿಮಾಡೆಂದರು. ಅವನು ಹುಡುಗರ ಮಾತು ಕೇಳಿದನು. ಹತ್ತು ಕುಲಗಳು ಬಿಟ್ಟುಹೋದವು. ಬಿಟ್ಟಿಯ ಮೇಲ್ವಿಚಾರಕನನ್ನು ಜನರು ಕಲ್ಲೆಸೆದು ಕೊಂದರು. ಐದನೆಯ ವರ್ಷದಲ್ಲಿ ಐಗುಪ್ತದ ಶೀಶಕನು ಬಂದು ದೇವಾಲಯದ, ಅರಮನೆಯ ಭಂಡಾರಗಳನ್ನು ಬರಿದುಮಾಡಿದನು. ಚಿನ್ನದ ಗುರಾಣಿಗಳೂ ಹೋದವು. ರೆಹಬ್ಬಾಮನು ಅವುಗಳಿಗೆ ಬದಲಾಗಿ ತಾಮ್ರದ ಗುರಾಣಿಗಳನ್ನು ಮಾಡಿಸಿದನು. ಅರಸನು ದೇವಾಲಯಕ್ಕೆ ಹೋಗುವಾಗಲೆಲ್ಲ ಕಾವಲುಗಾರರು ಅವನ್ನು ಹಿಡಿದು ನಡೆಯುವರು. ಅವನು ಒಳಹೊಕ್ಕು ಹೊರಬಂದ ಮೇಲೆ ಅವನ್ನು ಮತ್ತೆ ಕಾವಲುಮನೆಯಲ್ಲಿ ಇಡುವರು. ಸಂಪತ್ತು ಹೋದ ಮೇಲೂ ಮೆರವಣಿಗೆ ನಿಲ್ಲದಿರುವುದನ್ನು ಇಷ್ಟು ಕಡಿಮೆ ಮಾತಿನಲ್ಲಿ ತೋರಿಸಿದ ಇನ್ನೊಂದು ಚಿತ್ರವನ್ನು ನಾನು ಓದಿಲ್ಲ.

ಆದುದರಿಂದ ಸೊಲೊಮೋನನನ್ನು ವೈಭವಕ್ಕೆ ಸಾಕ್ಷಿಯಾಗಿ ಕರೆದವರಿಗೆ ಅವನ ಕಥೆ ಸಹಾಯಕವಲ್ಲ. ಭರತನ ಕಥೆಯಾದರೂ ಸಹಾಯಕವೆ?

ಈ ಪ್ರಶ್ನೆಯಲ್ಲಿ ನಾವು ನಮಗೇ ಹೆಚ್ಚು ಕಠಿಣರಾಗಬೇಕಾಗಿದೆ. ಹದಿನಾರನೆಯ ಶತಮಾನದ ರತ್ನಾಕರವರ್ಣಿಯ 'ಭರತೇಶ ವೈಭವ' ನಮ್ಮ ಮನೆಮನೆಗಳಲ್ಲಿ ಓದಿಕೊಂಡು ಬಂದ ಕಾವ್ಯ. ಭೋಗದ ನಡುವೆ ಯೋಗವನ್ನು ಸಾಧಿಸಿದ ಭರತನು ಅದರ ನಾಯಕ. ಮೂಡುಬಿದಿರೆಯ ಆ ಮಹಾಕವಿಯ ಸಾಧನೆ ದೊಡ್ಡದು. ಆದರೆ ಆ ಕಾವ್ಯದ ಸವಿಯನ್ನು ನಮ್ಮ ಸಮಾಜ ಸ್ವಲ್ಪ ಅನುಕೂಲಕ್ಕೆ ತಕ್ಕಂತೆ ಸವಿದಿದೆ. ಪರಿಗ್ರಹವು ವಸ್ತುವಿನಲ್ಲಿಲ್ಲ, ಮನಸ್ಸಿನ ಮೂರ್ಛೆಯಲ್ಲಿದೆ ಎಂಬ ಉಮಾಸ್ವಾಮಿಗಳ ವಿವೇಚನೆಯನ್ನು ಹಿಡಿದು, ನನಗೆ ಮೂರ್ಛೆ ಇಲ್ಲ, ಆದುದರಿಂದ ಎಷ್ಟಿದ್ದರೂ ಬಾಧಕವಿಲ್ಲ ಎಂದು ಹೇಳಿಕೊಳ್ಳುವುದು ಸುಲಭ. ಮೂರ್ಛೆ ಇಲ್ಲವೆಂಬುದಕ್ಕೆ ಸಾಕ್ಷಿ ಹೇಳುವವನೂ ಅವನೇ, ತೀರ್ಪು ಕೊಡುವವನೂ ಅವನೇ! ಹಾಗೆ ಹೇಳುವವರು ಭರತನ ನಿಧಿಗಳನ್ನು ನೆನೆಯುತ್ತಾರೆ, ಅವನು ಕನ್ನಡಿಯಲ್ಲಿ ನರೆಗೂದಲನ್ನು ಕಂಡ ಗಳಿಗೆಯನ್ನು ನೆನೆಯುವುದಿಲ್ಲ. ಆ ಗಳಿಗೆಯಲ್ಲಿ ಅವನು ಎಲ್ಲವನ್ನೂ ಬಿಟ್ಟು ದೀಕ್ಷೆ ಹಿಡಿದನು. ಬಾಹುಬಲಿಯ ಮೇಲೆ ಪ್ರಯೋಗಿಸಿದ ಚಕ್ರರತ್ನ ಕೆಲಸಕ್ಕೆ ಬಾರದೆ ಹೋದುದನ್ನೂ ನೆನೆಯುವುದಿಲ್ಲ.

ಮೂರನೆಯ ಸಂದರ್ಭವೊಂದಿದೆ, ಈ ವಿಷಯಕ್ಕೆ ಅದೇ ಹೆಚ್ಚು ಹತ್ತಿರ. ಷಟ್ಖಂಡ ಮಂಡಲವನ್ನು ಗೆದ್ದ ಭರತನು ವೃಷಭಾಚಲದ ಬಂಡೆಯ ಮೇಲೆ ತನ್ನ ಹೆಸರನ್ನು ಕೆತ್ತಿಸಲು ಹೋಗುತ್ತಾನೆ. ತನ್ನಂಥ ಚಕ್ರವರ್ತಿ ಇನ್ನೊಬ್ಬನಿಲ್ಲವೆಂಬ ಭಾವ ಅವನದು. ನೋಡಿದರೆ ಬಂಡೆಯಲ್ಲಿ ಎಳ್ಳಷ್ಟೂ ಜಾಗವಿಲ್ಲ. ಹಿಂದಿನ ಅಸಂಖ್ಯ ಚಕ್ರವರ್ತಿಗಳ ಪ್ರಶಸ್ತಿಗಳು ತುಂಬಿಹೋಗಿವೆ. ಒಬ್ಬನ ಹೆಸರನ್ನು ಅಳಿಸಿ ತನ್ನದನ್ನು ಬರೆಯಿಸಬೇಕಾಗುತ್ತದೆ. ಬೈಬಲಿನ 'ಪ್ರಸಂಗಿ'ಯಲ್ಲಿ, ಪರಂಪರೆ ಸೊಲೊಮೋನನದೆಂದು ಹೇಳುವ ದನಿಯೊಂದು ಇದೇ ಅನುಭವವನ್ನು ತೋಡಿಕೊಳ್ಳುತ್ತದೆ: ತೋಟ ಹಾಕಿಸಿದೆ, ಕೊಳ ಕಟ್ಟಿಸಿದೆ, ಬೆಳ್ಳಿಬಂಗಾರ ಕೂಡಿಸಿದೆ, ಇದನ್ನೆಲ್ಲ ನನ್ನ ಮುಂದಿನವನಿಗೆ ಬಿಟ್ಟುಹೋಗಬೇಕು, ಅವನು ಜ್ಞಾನಿಯೋ ಮೂಢನೋ ಯಾರು ಬಲ್ಲರು ಎಂದು. ರೆಹಬ್ಬಾಮನನ್ನು ಬಲ್ಲ ಓದುಗನಿಗೆ ಉತ್ತರ ಗೊತ್ತೇ ಇದೆ. ಆದರೆ ಇಲ್ಲೊಂದು ಅಂತರವಿದೆ. ಪ್ರಸಂಗಿ ಮುಂದಿನವನನ್ನು ನೆನೆದು ಕೊರಗುತ್ತಾನೆ. ಭರತನು ಹಿಂದಿನವರನ್ನು ಕಂಡು ನಾಚುತ್ತಾನೆ. ಪಾರುಪತ್ಯ ವಹಿಸುವವನಿಗೆ ಭರತನ ನಾಚಿಕೆ ಹೆಚ್ಚು ಉಪಯುಕ್ತ. ಬಸದಿಯ ಗೋಡೆಯ ಮೇಲಿನ ಅಮೃತಶಿಲೆಯ ದಾನಿಫಲಕಗಳನ್ನು ನೋಡುವಾಗ ನನಗೆ ವೃಷಭಾಚಲ ನೆನಪಾಗುವುದುಂಟು. ಹೊಸ ಫಲಕಕ್ಕೆ ಎಡೆಯಿಲ್ಲದೆ ಹಳೆಯ ಫಲಕವನ್ನು ಮೂಲೆಗೆ ಸರಿಸಿದ್ದನ್ನೂ ನೋಡಿದ್ದೇನೆ.

ಇಷ್ಟು ದೂರದ ಯೆರೂಸಲೇಮಿನಿಂದ ಈಗ ನಮ್ಮ ಮಗ್ಗುಲಿಗೆ ಬರಬಹುದು. ಬೀಡಿಯ ನಮಗೆ ಹಲಸಿ ದೂರದ ಊರಲ್ಲ. ಎರಡೂ ಖಾನಾಪುರ ತಾಲೂಕಿನವೇ. ಅಲ್ಲಿಗೆ ಹೋಗುವವರು ಹೆಚ್ಚಾಗಿ ಭೂವರಾಹ ನರಸಿಂಹ ದೇವಾಲಯವನ್ನು ನೋಡಿ ಮರಳುತ್ತಾರೆ. ಆದರೆ ಆ ಊರು ಕದಂಬರ ಕಾಲದ ಪಲಾಶಿಕಾ. ಬನವಾಸಿಯ ಅರಸರಿಗೆ ಎರಡನೆಯ ರಾಜಧಾನಿ. ಅಲ್ಲಿ ದೊರೆತು, ಹತ್ತೊಂಬತ್ತನೆಯ ಶತಮಾನದಲ್ಲಿ ಫ್ಲೀಟರು ಓದಿ ಪ್ರಕಟಿಸಿದ ತಾಮ್ರಪಟಗಳು ಜೈನ ಸಮಾಜಕ್ಕೆ ಅಮೂಲ್ಯವಾದವು. ಐದನೆಯ ಶತಮಾನದ ಮೃಗೇಶವರ್ಮನು ಸ್ವರ್ಗಸ್ಥನಾದ ತನ್ನ ತಂದೆಯ ನೆನಪಿಗೆ ಪಲಾಶಿಕೆಯಲ್ಲಿ ಜಿನಾಲಯವನ್ನು ಕಟ್ಟಿಸಿ, ಯಾಪನೀಯರು, ನಿರ್ಗ್ರಂಥರು, ಕೂರ್ಚಕರು ಎಂಬ ಮೂರೂ ಸಂಘಗಳಿಗೆ 33 ನಿವರ್ತನ ಭೂಮಿಯನ್ನು ಬಿಟ್ಟುಕೊಟ್ಟನು. ಒಂದೇ ಸಂಘವನ್ನು ಮುದ್ದಿಸದ ಈ ಔದಾರ್ಯ ಇಂದು ಪಂಥಭೇದದಲ್ಲಿ ಮುಳುಗಿದ ನಮಗೆ ವಿಶೇಷ. ಭೂಮಿ ಯಾವ ಹೊಳೆಯಿಂದ ಯಾವ ಸಂಗಮದವರೆಗೆ ಎಂಬುದನ್ನು ಪಟ ಹೇಳುತ್ತದೆ. ಕೊನೆಯಲ್ಲಿ ಇನ್ನೂ ಎರಡು ಹೆಸರುಗಳಿವೆ: ಬರೆದವನು ದಾಮಕೀರ್ತಿ ಭೋಜಕ, ಎಲ್ಲವನ್ನೂ ನೆರವೇರಿಸಿದ ಆಯುಕ್ತಕ ಜಿಯಂತ.

ಅವನ ಮಗ ರವಿವರ್ಮನ ಕಾಲದ ಪಟ ಇದಕ್ಕಿಂತಲೂ ಒಳ್ಳೆಯ ಪಾಠ. ಅದು ಒಂದು ಗ್ರಾಮದ ಚರಿತ್ರೆಯನ್ನೇ ನೆನೆಯುತ್ತದೆ. ಮೊದಲು ಕಾಕುಸ್ಥವರ್ಮನು ಆ ಊರನ್ನು ಸೇನಾಪತಿ ಶ್ರುತಕೀರ್ತಿಗೆ ಕೊಟ್ಟಿದ್ದನು. ಮುಂದೆ ಮೃಗೇಶನು ಅದನ್ನು ದಾಮಕೀರ್ತಿಯ ತಾಯಿಗೆ ಕೊಟ್ಟನು. ಕೊನೆಗೆ ದಾಮಕೀರ್ತಿಯ ಮಗ, ಅರಸನ ಪ್ರತಿಹಾರನಾಗಿದ್ದ ಜಯಕೀರ್ತಿಯ ಕೈಯಿಂದ ಅದರ ಉತ್ಪನ್ನ ಧರ್ಮಕ್ಕೆ ಸಂದಿತು. ಯುದ್ಧದಲ್ಲಿ ಸೇವೆ ಮಾಡಿದವನ ಬಳುವಳಿ ತಲೆಮಾರುಗಳ ಬಳಿಕ ಕಾರ್ತಿಕದ ಎಂಟು ದಿನಗಳ ಜಿನೋತ್ಸವಕ್ಕೂ, ವರ್ಷಾಕಾಲದ ನಾಲ್ಕು ತಿಂಗಳು ತಪಸ್ವಿಗಳ ಆಹಾರಕ್ಕೂ ನಿಂತಿತು. ಯಾವ ಕೈಯಿಂದ ಯಾವ ಕೈಗೆ ಬಂದಿತು, ಯಾವ ತಿಂಗಳಲ್ಲಿ ಯಾತಕ್ಕೆ ವೆಚ್ಚವಾಗಬೇಕು ಎಂಬುದೆಲ್ಲ ತಾಮ್ರದ ಮೇಲಿದೆ. ಹಾವೇರಿಯ ಕಡೆಯ ದೇವಗಿರಿಯಲ್ಲಿ ಸಿಕ್ಕ ಮೃಗೇಶನ ಇನ್ನೊಂದು ಪಟವಂತೂ ಬಸದಿಯ ವೆಚ್ಚದ ಬಾಬುಗಳನ್ನೇ ಹೇಳುತ್ತದೆ: ಗುಡಿಸುವುದು, ಸಾರಿಸುವುದು, ಅರ್ಚನೆ, ಭಗ್ನಸಂಸ್ಕಾರ, ಮಹಿಮೆ. ಭಗ್ನಸಂಸ್ಕಾರವೆಂದರೆ ಒಡೆದುದನ್ನು ಸರಿಪಡಿಸುವುದು. ಮಹಿಮೆ, ಅಂದರೆ ಉತ್ಸವವೈಭವ, ಅದರ ನಂತರ ಬಂದಿದೆ. ಈ ಕ್ರಮ ಛಂದಸ್ಸಿಗಾಗಿಯೋ ಸಮಾಸದ ಸೌಕರ್ಯಕ್ಕಾಗಿಯೋ ಇದ್ದೀತೆಂದು ಪಂಡಿತರು ಹೇಳಬಹುದು. ಮಾಳಿಗೆ ಸೋರುವ ಬಸದಿಯಲ್ಲಿ ಕುಳಿತು ಓದಿದವನಿಗೆ ಹಾಗೆ ತೋರುವುದಿಲ್ಲ.

ಬೆಳಗಾವಿಯ ಕೋಟೆಯೊಳಗಿನ ಕಮಲಬಸದಿಯದೂ ಇಂಥದೇ ಕಥೆ. ರಟ್ಟರ ನಾಲ್ವಡಿ ಕಾರ್ತವೀರ್ಯನ ಮಂತ್ರಿ ಬೀಚಿರಾಜನು ಕಟ್ಟಿಸಿದ ಜಿನಾಲಯಕ್ಕೆ 1204ರಲ್ಲಿ ಗ್ರಾಮದಾನವಾಯಿತು; ಶುಭಚಂದ್ರ ಭಟ್ಟಾರಕರು ಅದನ್ನು ಕೈಕೊಂಡರು. ಅರಸನದಷ್ಟೇ ಅಲ್ಲ, ವೇಣುಗ್ರಾಮದ ಪೇಟೆಯ ವರ್ತಕರು, ಲಾಳ, ಮಲೆಯಾಳ ದೇಶಗಳಿಂದ ಬಂದ ವ್ಯಾಪಾರಿಗಳು ಕೂಡ ತಮ್ಮ ತಮ್ಮ ಸರಕಿನ ಮೇಲೆ ಇಷ್ಟಿಷ್ಟೆಂದು ಬಿಟ್ಟುಕೊಟ್ಟರು. ಈ ಲೆಕ್ಕವನ್ನು ಹೊತ್ತ ಎರಡು ಶಾಸನಗಳು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಶೀಶಕನು ಚಿನ್ನ ಒಯ್ದನು. ನಮ್ಮಲ್ಲಿ ಲೆಕ್ಕದ ಕಲ್ಲೇ ಸಮುದ್ರ ದಾಟಿತು.

ಬೈಬಲಿಗೆ ಮರಳುವುದಾದರೆ, ನಮ್ಮ ಟ್ರಸ್ಟುಗಳವರು ಓದಲೇಬೇಕಾದುದು ಸೊಲೊಮೋನನ ಕಥೆಯಲ್ಲ, ಅಷ್ಟಾಗಿ ಹೆಸರಿಲ್ಲದ ಯೋವಾಷನ ಕಥೆ. ಅದು ಎರಡನೆಯ ಅರಸುಗಳ 12ನೆಯ ಅಧ್ಯಾಯದಲ್ಲಿದೆ. ಏಳು ವರ್ಷದ ಹುಡುಗನಾಗಿ ಪಟ್ಟಕ್ಕೆ ಬಂದ ಯೋವಾಷನು, ಭಕ್ತರು ತರುವ ಹಣವನ್ನೆಲ್ಲ ಯಾಜಕರು ತೆಗೆದುಕೊಂಡು ದೇವಾಲಯದ ಬಿರುಕುಗಳನ್ನು ಸರಿಮಾಡಿಸಲೆಂದು ಅಪ್ಪಣೆ ಮಾಡಿದ್ದನು. ಅವನ ಆಳ್ವಿಕೆಯ 23ನೆಯ ವರ್ಷ ಬಂದರೂ ಬಿರುಕುಗಳು ಹಾಗೆಯೇ ಇದ್ದವು. ಹಣ ಬರುತ್ತಿತ್ತು, ಕೆಲಸವಾಗುತ್ತಿರಲಿಲ್ಲ. ಯಾಜಕರು ಕದ್ದರೆಂದು ಗ್ರಂಥ ಹೇಳುವುದಿಲ್ಲ, ನುಂಗಿಹೋಯಿತು, ಅಷ್ಟೆ. ಅರಸನು ಮಹಾಯಾಜಕನಾದ ಯೆಹೋಯಾದನನ್ನೂ ಉಳಿದವರನ್ನೂ ಕರೆದು ಕೇಳಿದನು. ಆಗ ಯೆಹೋಯಾದನು ಒಂದು ಪೆಟ್ಟಿಗೆಯನ್ನು ತಂದು, ಮುಚ್ಚಳದಲ್ಲಿ ತೂತು ಕೊರೆದು, ಒಳಬರುವವರ ಬಲಗಡೆಗೆ ವೇದಿಯ ಪಕ್ಕದಲ್ಲಿ ಇಟ್ಟನು. ಹಣ ತುಂಬಿದಾಗ ಅರಸನ ಲೇಖಕನೂ ಮಹಾಯಾಜಕನೂ ಇಬ್ಬರೂ ಬಂದು ಎಣಿಸಿ ಚೀಲಗಳಲ್ಲಿ ಕಟ್ಟುವರು. ಅದು ನೇರವಾಗಿ ಬಡಗಿಗಳಿಗೆ, ಕಲ್ಲುಕುಟಿಗರಿಗೆ, ಮರಕ್ಕೆ, ಕಲ್ಲಿಗೆ ಹೋಗುವುದು. ಆ ಹಣದಿಂದ ಬೆಳ್ಳಿಯ ಬಟ್ಟಲನ್ನಾಗಲಿ ತುತೂರಿಯನ್ನಾಗಲಿ ಬೆಳ್ಳಿಬಂಗಾರದ ಬೇರೆ ಯಾವ ಉಪಕರಣವನ್ನಾಗಲಿ ಮಾಡಿಸಲಿಲ್ಲವೆಂದು ಬರಹಗಾರನು ಒತ್ತಿ ಹೇಳುತ್ತಾನೆ.

ಇಲ್ಲಿ ವಿಮರ್ಶಕನು ತಡೆದು ನಿಲ್ಲಬೇಕಾದ ಒಂದು ಭೇದವಿದೆ. ಇದೇ ಸಂಗತಿಯನ್ನು 'ಪೂರ್ವಕಾಲವೃತ್ತಾಂತ' ಮತ್ತೊಮ್ಮೆ ಹೇಳುವಾಗ, ಕೆಲಸ ಮುಗಿದು ಉಳಿದ ಹಣದಿಂದ ಬೆಳ್ಳಿಬಂಗಾರದ ಉಪಕರಣಗಳನ್ನು ಮಾಡಿಸಿದರೆನ್ನುತ್ತದೆ. ಎರಡು ಬರಹಗಳು ಒಂದಕ್ಕೊಂದು ವಿರುದ್ಧವೆಂದು ಕೆಲವರು. ಎರಡನ್ನೂ ಕೂಡಿಸಬಹುದೆಂದು ಇನ್ನು ಕೆಲವರು. ನನಗೆ ತೋರುವುದಿಷ್ಟು: ಎರಡೂ ಬರಹಗಳು ಕ್ರಮದ ವಿಷಯದಲ್ಲಿ ಒಪ್ಪುತ್ತವೆ. ಬಿರುಕು ಮುಚ್ಚುವವರೆಗೆ ಬೆಳ್ಳಿ ಇಲ್ಲ. ಬೆಳ್ಳಿಯನ್ನು ದ್ವೇಷಿಸಬೇಕೆಂದು ಎರಡೂ ಹೇಳುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಕೆಲಸ ನಡೆಸಿದ ಮೇಸ್ತ್ರಿಗಳು ಪ್ರಾಮಾಣಿಕರಾಗಿದ್ದುದರಿಂದ ಅವರಿಂದ ಲೆಕ್ಕ ಕೇಳಲಿಲ್ಲವೆಂದು ಅಲ್ಲಿ ಬರೆದಿದೆ. ಈ ಮಾತನ್ನು ಹಿಡಿದು ವಿಶ್ವಾಸವಿದ್ದರೆ ಲೆಕ್ಕ ಬೇಡ ಎಂದು ವಾದಿಸುವವರು ಎಲ್ಲ ಸಮಾಜಗಳಲ್ಲಿಯೂ ಇದ್ದಾರೆ. ನಮ್ಮ ಸಭೆಯಲ್ಲಿಯೂ, ನಮ್ಮವರ ಮೇಲೆ ನಮಗೆ ನಂಬಿಕೆ ಇಲ್ಲವೇ ಎಂಬ ಪ್ರಶ್ನೆ ಬಂದಿತು. ಆದರೆ ಲೆಕ್ಕವನ್ನು ಕೇಳದೆ ಬಿಟ್ಟದ್ದು ಬೆವರು ಸುರಿಸಿದ ಮೇಸ್ತ್ರಿಗಳನ್ನು. ಪೆಟ್ಟಿಗೆ ತೆರೆಯುವವರನ್ನು ಅಲ್ಲ. ಅಲ್ಲಿ ಇಬ್ಬರು ಎಣಿಸಬೇಕಾಗಿತ್ತು, ಒಬ್ಬ ಅರಸನ ಕಡೆಯವನು, ಒಬ್ಬ ದೇವಾಲಯದ ಕಡೆಯವನು. ದಾಮಕೀರ್ತಿ ಬರೆದನು, ಜಿಯಂತ ನೆರವೇರಿಸಿದನು ಎಂಬಲ್ಲಿಯೂ ಎರಡು ಕೈಗಳಿವೆ. ನಾವೋ ಕೂಲಿಯವನ ಒಂದು ದಿನದ ಪಗಾರದ ಚೀಟಿಯನ್ನು ಮೂರು ಸಲ ನೋಡುತ್ತೇವೆ. ವರ್ಷದ ಜಮಾಖರ್ಚನ್ನು ಓದದೆಯೇ ಮಂಜೂರು ಎನ್ನುತ್ತೇವೆ.

ಯೋವಾಷನ ಕಥೆ ಸುಖಾಂತವಲ್ಲ. ಅರಾಮಿನ ಹಜಾಯೇಲನು ದಂಡೆತ್ತಿ ಬಂದಾಗ ಅವನು ಪೂರ್ವಿಕರು ಮುಡಿಪಿಟ್ಟ ವಸ್ತುಗಳನ್ನೂ ದೇವಾಲಯದ ಬಂಗಾರವನ್ನೂ ತೆಗೆದುಕೊಟ್ಟು ಕಳಿಸಿದನು. ಯೆಹೋಯಾದನು ತೀರಿಕೊಂಡ ಮೇಲೆ ಅವನ ಮಗನನ್ನೇ ಅರಸನು ಕೊಲ್ಲಿಸಿದನೆಂದು ಪೂರ್ವಕಾಲವೃತ್ತಾಂತ ಹೇಳುತ್ತದೆ. ಪೆಟ್ಟಿಗೆ ತಂದಿಟ್ಟವನು ಇರುವವರೆಗೆ ಕ್ರಮ ನಡೆಯಿತು. ಸದ್ಗುಣಿಯಾದ ಹಿಜ್ಕೀಯನೂ ಇದರಿಂದ ಹೊರತಲ್ಲ. ಅವನು ಬಾಬೆಲಿನ ದೂತರಿಗೆ ತನ್ನ ಭಂಡಾರದಲ್ಲಿದ್ದ ಬೆಳ್ಳಿ, ಬಂಗಾರ, ಸುಗಂಧ, ಆಯುಧಗಳನ್ನೆಲ್ಲ ತೋರಿಸಿ ಹಿಗ್ಗಿದನು. ಇದೆಲ್ಲ ಒಂದು ದಿನ ಬಾಬೆಲಿಗೇ ಹೋಗುವುದೆಂದು ಪ್ರವಾದಿ ಯೆಶಾಯನು ಹೇಳಿದಾಗ, ತನ್ನ ಕಾಲದಲ್ಲಿ ಸಮಾಧಾನವಿದ್ದರೆ ಸಾಕೆಂದು ಸುಮ್ಮನಾದನು. ನನ್ನ ಅವಧಿ ಮುಗಿದರೆ ಸಾಕೆನ್ನುವ ಪದಾಧಿಕಾರಿಗಳ ಮಾತನ್ನು ಕೇಳಿದವರಿಗೆ ಇದು ಹೊಸದಲ್ಲ.

ಇಲ್ಲಿಯವರೆಗೆ ಸಾಮ್ಯಗಳನ್ನು ಹೇಳಿದ್ದಾಯಿತು. ಮೂಲಭೂತವಾದ ಭೇದವನ್ನು ಹೇಳದಿದ್ದರೆ ಈ ಓದು ಅಪ್ರಾಮಾಣಿಕವಾದೀತು. ದಾವೀದನು ದೇವಾಲಯಕ್ಕಾಗಿ ತನ್ನ ಸ್ವಂತದ 3,000 ತಲಾಂತು ಚಿನ್ನವನ್ನೂ 7,000 ತಲಾಂತು ಬೆಳ್ಳಿಯನ್ನೂ ಒಪ್ಪಿಸಿ ಪ್ರಾರ್ಥಿಸುವಾಗ, ಇದೆಲ್ಲ ನಿನ್ನಿಂದಲೇ ಬಂದುದು, ನಿನ್ನ ಕೈಯದನ್ನೇ ನಿನಗೆ ಕೊಟ್ಟಿದ್ದೇವೆ ಎಂಬರ್ಥದಲ್ಲಿ ಹೇಳುತ್ತಾನೆ. ಸಂಪತ್ತಿಗೆ ಒಡೆಯನು ದೇವರು, ಅರಸನು ಅವನ ಪಾರುಪತ್ಯಗಾರ. ಬೈಬಲಿನ ನೀತಿ ನಿಂತಿರುವುದು ಈ ಕಂಬದ ಮೇಲೆ. ಒಡೆಯನಿದ್ದಾನೆ, ಆದುದರಿಂದ ಲೆಕ್ಕ ಕೇಳುವವನಿದ್ದಾನೆ. ಅವನ ಪರವಾಗಿ ನಾತಾನನೋ ಎಲೀಯನೋ ಯೆಶಾಯನೋ ಬಂದು ಅರಸನ ಮುಖಕ್ಕೆ ಹೇಳುತ್ತಾನೆ.

ಜೈನನು ಈ ಪ್ರಾರ್ಥನೆಯನ್ನು ಮಾಡಲಾರನು. ಸಂಪತ್ತನ್ನು ಕೊಡುವ ಈಶ್ವರನನ್ನು ನಾವು ಒಪ್ಪುವುದಿಲ್ಲ. ಅದು ಅವರವರ ಕರ್ಮೋದಯ, ಅವರವರ ಪುರುಷಾರ್ಥ. ಬಸದಿಯಲ್ಲಿ ಕುಳಿತ ಜಿನೇಂದ್ರನು ವೀತರಾಗನು. ಅವನು ಪ್ರಭಾವಳಿಯನ್ನು ಬಯಸುವುದಿಲ್ಲ, ಮಾಳಿಗೆ ಸೋರಿದರೆ ಮುನಿಯುವುದಿಲ್ಲ, ಭಂಡಾರದ ಕೀಲಿ ಯಾರಲ್ಲಿದೆಯೆಂದು ಕೇಳುವುದಿಲ್ಲ. ಮುನಿಗಳು ಹಣವನ್ನು ಮುಟ್ಟುವವರಲ್ಲ. ಅದರ ವಿಚಾರಣೆ ಅವರ ಧರ್ಮಕ್ಕೆ ಹೊರಗು. ಹಾಗಾದರೆ ಬಸದಿಯ ಹಣ ಯಾರದು? ಕೊಟ್ಟವನದಲ್ಲ, ಅವನು ತ್ಯಾಗ ಮಾಡಿದ್ದಾನೆ. ಟ್ರಸ್ಟಿಯದಂತೂ ಅಲ್ಲವೇ ಅಲ್ಲ. ಜಿನನದೆಂದರೆ ಅವನು ತೆಗೆದುಕೊಳ್ಳುವವನಲ್ಲ. ಒಡೆಯನೇ ಇಲ್ಲದ ದ್ರವ್ಯವದು. ನಿರ್ಮಾಲ್ಯದ್ರವ್ಯದ ಉಪಭೋಗಕ್ಕೆ ನಮ್ಮ ಶಾಸ್ತ್ರಕಾರರು ಅಷ್ಟು ಘೋರವಾದ ಪಾಪಫಲವನ್ನು ಏಕೆ ಹೇಳಿದರೆಂಬುದು ನನಗೆ ಈ ಓದಿನ ನಂತರವೇ ಮನಸ್ಸಿಗೆ ಬಂದಿತು. ಒಡೆಯನಿದ್ದ ಮನೆಯಲ್ಲಿ ಕದಿಯುವವನಿಗೆ ಅಂಜಿಕೆ ಇರುತ್ತದೆ. ಒಡೆಯನಿಲ್ಲದಲ್ಲಿ ಕದ್ದೆನೆಂಬ ಅರಿವೂ ಮೂಡದೆ ಪದಾರ್ಥ ಕರಗಿಹೋಗುತ್ತದೆ, ಯೋವಾಷನ ಯಾಜಕರ ಕೈಯಲ್ಲಿ ಕರಗಿದಂತೆ.

ಆದುದರಿಂದ ಪಾರುಪತ್ಯದ ಹೊಣೆ ದೇವರನ್ನು ನಂಬುವವರಿಗಿಂತ ನಮಗೇ ಭಾರವಾದುದು. ಅಲ್ಲಿ ಪ್ರವಾದಿ ಕೇಳುತ್ತಾನೆ. ಇಲ್ಲಿ ಕೇಳಬೇಕಾದವನು ಪಕ್ಕದಲ್ಲಿ ಕುಳಿತ ಶ್ರಾವಕ, ಶ್ರಾವಿಕೆ. ಶ್ರಾವಿಕೆಯೆಂಬ ಮಾತನ್ನು ಉದ್ದೇಶಪೂರ್ವಕವಾಗಿಯೇ ಬರೆದಿದ್ದೇನೆ. ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯನ್ನು ವರ್ಷಕ್ಕೊಮ್ಮೆ ಕೊಂಡಾಡುವ ನಾವು, ಸಭೆಯಲ್ಲಿ ಹೆಣ್ಣುಮಕ್ಕಳನ್ನು ಹಿಂದಿನ ಚಾಪೆಯ ಮೇಲೆ ಕೂಡಿಸುತ್ತೇವೆ. ಅಂದಿನ ಚರ್ಚೆಯಲ್ಲಿ ಮಾಳಿಗೆಯ ಮಾತನ್ನು ಮೊದಲು ಎತ್ತಿದ್ದು ಆ ಚಾಪೆಯಿಂದಲೇ. ನಿತ್ಯವೂ ನೆಲ ಒರೆಸುವವರಿಗೆ ಸೋರುವುದು ಎಲ್ಲಿಂದ ಎಂಬುದು ಗೊತ್ತು.

ದಾನಶಾಸನಗಳ ಕೊನೆಯಲ್ಲಿ ರೂಢಿಯಾಗಿ ಬರುವ ಶ್ಲೋಕಗಳಲ್ಲಿ, ತಾನು ಕೊಡುವುದಕ್ಕಿಂತ ಇನ್ನೊಬ್ಬರು ಕೊಟ್ಟುದನ್ನು ಕಾಪಾಡುವುದೇ ಹೆಚ್ಚಿನದೆಂಬ ಅಭಿಪ್ರಾಯವೊಂದಿದೆ. ಓದಿ ಓದಿ ಸವೆದ ಮಾತಾದುದರಿಂದ ಅದನ್ನು ದಾಟಿ ಮುಂದೆ ಹೋಗುವುದು ನಮ್ಮ ಅಭ್ಯಾಸ. ಬೆಳ್ಳಿಯ ಪ್ರಭಾವಳಿ ಕೊಡುವವರ ಹೆಸರು ಫಲಕದ ಮೇಲೆ ಬರುತ್ತದೆ. ಮುನ್ನೂರು ವರ್ಷದ ಹಿಂದೆ ಯಾರೋ ಕಟ್ಟಿಸಿದ ಗೋಡೆಯ ಬಿರುಕಿಗೆ ಗಾರೆ ತುಂಬಿಸುವವರ ಹೆಸರು ಎಲ್ಲಿಯೂ ಬರುವುದಿಲ್ಲ. ಜಿಯಂತನ ಹೆಸರು ಉಳಿದದ್ದು ಅಪರೂಪದ ಅದೃಷ್ಟ.

ಸಭೆ ಅಂದು ಪ್ರಭಾವಳಿಯ ನಿರ್ಣಯವನ್ನೇ ಅಂಗೀಕರಿಸಿತು. ಮಾಳಿಗೆಯ ಮೇಲೆ ಸದ್ಯಕ್ಕೆ ತಾಡಪತ್ರಿ ಹೊದಿಸಲಾಗಿದೆ. ಮುಂದಿನ ಸಭೆ ದಶಲಕ್ಷಣ ಪರ್ವದ ತರುವಾಯ ಸೇರಲಿದೆ. ಕಳೆದ ಐದು ವರ್ಷಗಳ ಜಮಾಖರ್ಚನ್ನು ಸಭೆಯಲ್ಲಿ ಬಾಬುವಾರು ಓದಿ ಹೇಳಬೇಕೆಂದು ನಾವು ಕೆಲವರು ಅರ್ಜಿ ಬರೆದುಕೊಟ್ಟಿದ್ದೇವೆ. ಅದರ ಮೇಲಿನ ರುಜುಗಳಲ್ಲಿ ಮೂರು ಹಿಂದಿನ ಚಾಪೆಯವರವು.